ಚಿಕ್ಕಮ್ಮನ ರೆಪ್ಪೆಯ ಮೇಲೆ ಬಿಡಾರ ಹೂಡಿರುವ ಊತದವರಿಗೆ

ಮಾನ್ಯ ಊತದವರೇ,

ನಮ್ಮ ಚಿಕ್ಕಮ್ಮನ ಎರಡೂ ಕಣ್ಣುರೆಪ್ಪೆಗಳ ಮೇಲೆ ಸಪರಿವಾರರಾಗಿ ದಯಮಾಡಿಸಿರುವ ತಮಗೆ, ಆಕೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸಿಕೊಂಡಿರುವ, ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬಂದ, ಸುಳ್ಳು ಹೇಳಲು ಬಾರದ ಅಕ್ಕನ ಮಗಳು ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವೇ ಇಲ್ಲ. ಮೈಕೈ ತುಂಬಿಕೊಂಡು ಲಕಲಕ ಹೊಳೆಯುತ್ತಿದ್ದೀರಿ. ಮನೆಯ ವಿಷಯವನ್ನು ಬೀದಿಗೆ ತಂದೆನೆಂದು ಬೇಸರಿಸಬೇಡಿ. ತಾವು ಕುಳಿತಿರುವುದು ಮುಖದ ಮೇಲೆ, ಹಾಗಾಗಿ ನನ್ನ ಪತ್ರವೂ ಬಹಿರಂಗವಾಗಿಯೇ ಇರಲಿ.

ತಮ್ಮನ್ನು ನಾವು ಕರೆಸಿದ್ದು ಯಾಕೆಂಬುದು ತಮಗೆ ಮರೆತುಹೋಗಿರಬಹುದು. ಚಿಕ್ಕಮ್ಮನ ರೆಪ್ಪೆಗಳು ಕೆಲವು ವರ್ಷಗಳಿಂದ ಅರ್ಧ ಎಳೆದ ಅಂಗಡಿ ಶಟರಿನಂತೆ ಜೋತುಬಿದ್ದಿದ್ದವು. ಊರಿನವರ ಕಣ್ಣನ್ನೆಲ್ಲ ಸರಿಮಾಡುವ ಆಕೆ ಎಷ್ಟು ಚುರುಕಾಗಿ ಕೂತರೂ ಬಂದ ಗಿರಾಕಿ ಮೊದಲು ಕೇಳುತ್ತಿದ್ದುದು, ಮೇಡಂ, ನಿದ್ದೆ ಬರ್ತಿದೆಯಾ, ಎಂದು. ಈ ಪ್ರಶ್ನೆ ಕೇಳುವವರಿಗೆಲ್ಲ ಮುಖಂಡರೆಂದರೆ, ಕನ್ನಡಕದ ತಿರುಪು ಬಿಗಿಸಿಕೊಳ್ಳುವ ನೆಪದಲ್ಲಿ ದಿನಾ ಬಂದು ಕೂರುವ, ನಾನು ಬಿಟ್ಟ ಶಾಲೆಯ ನಿವೃತ್ತ ಹೆಡ್‌ಮಾಸ್ಟರು. ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳದೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕೆಂಬ ಒಂದೇ ಆಸೆಗೆ ಚಿಕ್ಕಮ್ಮ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವರೊಬ್ಬರೇ ಅಲ್ಲ, ಬೆನ್ನಿಗೇ ತಾವೂ ಬಂದಿರಿ. ತಮ್ಮನ್ನು ಕಂಡ ನನ್ನ ಅಮ್ಮ ತಂಗಿಗೆ ಹೇಳಿದ ಮೊದಲ ಮಾತು ಇದು: "ಜನ ಪುಕ್ಕಟೆ ಹೊಡೆಸಿಕೊಂಡು ಬರ್ತಾರೆ. ನೀನು ದುಡ್ಡು ಕೊಟ್ಟು ಹೊಡೆಸಿಕೊಂಡು ಬಂದಿದ್ದೀಯಲ್ಲೇ."

ತಮ್ಮ ಉಪಚಾರದಲ್ಲಿ ನಾವು ಏನಾದರೂ ಕೊರತೆ ಮಾಡಿದೆವೇ, ತಾವೇ ಹೇಳಿ. ಮೊದಲೆರಡು ದಿನ ತಣ್ಣನೆಯ ಪಟ್ಟಿ ಇಡಿ, ಆದರೆ ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ, ಒತ್ತಬೇಡಿ ಎಂದು ನರ್ಸಮ್ಮ ಹೇಳಿದ್ದರು. ಅದರಂತೆ ಫ್ರಿಜ್ಜಿನಲ್ಲಿದ್ದ ಹಸಿ ಬಟಾಣಿಯ ಪೊಟ್ಟಣಗಳಿಗೆ ಮೆತ್ತನೆಯ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಇಟ್ಟು, ಸ್ವಲ್ಪ ಹೊತ್ತು ತೆಗೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಮ್ಮನ್ನು ಕಾದೆ. ತಲೆ ಎತ್ತರದಲ್ಲಿರಬೇಕೆಂದು ಮನೆಯ ದಿಂಬುಗಳೆಲ್ಲ ಚಿಕ್ಕಮ್ಮನ ಬೆನ್ನ ಹಿಂದೆ ಸೇರಿದವು. ನಾನು ಮಡಿಸಿದ ಟವೆಲಿನ ಮೇಲೆ ಮಲಗಿದೆ. ಉಪ್ಪು ತಿಂದರೆ ತಾವು ಇನ್ನಷ್ಟು ಉಬ್ಬುತ್ತೀರೆಂದು ಮನೆಮಂದಿಯೆಲ್ಲ ಸಪ್ಪೆ ಊಟ ಮಾಡಿದೆವು. ಒಮ್ಮೆ ಮಾತ್ರ ನನ್ನ ಕಣ್ತಪ್ಪಿಸಿ ಅಮ್ಮ, ಆ ಪೊಟ್ಟಣಗಳು ಮಾಡುತ್ತಿದ್ದ ಕೆಲಸ ತಿಳಿಯದೆ, ಬಟಾಣಿಯನ್ನೆಲ್ಲ ಬೇಯಿಸಿ, ಉಪ್ಪು ಹಾಕಿ, ತಟ್ಟೆಗೆ ಬಡಿಸಿಬಿಟ್ಟರು. ಇವತ್ತು ಬಟಾಣಿಗೆ ಏನೋ ಹೊಸ ರುಚಿ ಎಂದು ಅವರೇ ಹೊಗಳಿಕೊಂಡಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ನನ್ನ ತಟ್ಟೆಯನ್ನು ಎತ್ತಿಕೊಂಡು ಹೋದರು.

ಇಷ್ಟಾದರೂ ತಮ್ಮ ಶಿಸ್ತನ್ನು ಮೆಚ್ಚದಿರಲಾರೆ. ಬೆಳಿಗ್ಗೆ ನಮಗಿಂತ ಮೊದಲು ಎದ್ದು ಪೂರ್ಣ ಗಾತ್ರದಲ್ಲಿ ಹಾಜರಾಗುತ್ತೀರಿ, ಸಂಜೆಗೆ ಒಂಚೂರು ತಗ್ಗಿ ಆಸೆ ಹುಟ್ಟಿಸುತ್ತೀರಿ. ಕೂರಲು ಜಾಗ ಕೊಟ್ಟರೆ ಮಲಗಲೂ ಜಾಗ ಮಾಡಿಕೊಂಡು ಕೆನ್ನೆಯವರೆಗೆ ಇಳಿದಿರಿ, ಜೊತೆಗೆ ಬಂದ ನೇರಳೆ ಬಣ್ಣವನ್ನು ಹಸಿರು ಮಾಡಿ, ಹಸಿರನ್ನು ಹಳದಿ ಮಾಡಿ ತೋರಿಸಿದಿರಿ. ಇಷ್ಟು ಬಣ್ಣ ನಮ್ಮ ಫ್ರೇಮುಗಳಲ್ಲೂ ಇಲ್ಲ. ಡಾಕ್ಟರರು ನೋಡಿ, ಇದೆಲ್ಲ ಇದ್ದದ್ದೇ, ದೃಷ್ಟಿ ಮಂಜಾದರೆ ಅಥವಾ ತಡೆಯಲಾಗದ ನೋವು ಬಂದರೆ ಮಾತ್ರ ಆ ಕ್ಷಣವೇ ಓಡಿಬನ್ನಿ, ಉಳಿದದ್ದಕ್ಕೆ ತಾಳ್ಮೆಯೇ ಮದ್ದು ಎಂದರು. ತಾಳ್ಮೆಯ ಬೆಲೆ ಹೇಳಲಿಲ್ಲ. ಬಲಗಣ್ಣನ್ನು ಮರ್ಯಾದೆಯಿಂದ ಬಿಟ್ಟುಕೊಟ್ಟ ತಾವು ಎಡಗಣ್ಣಿನಲ್ಲಿ ಮಾತ್ರ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಂತೆ ಕೂತಿರುವುದು ಯಾವ ನ್ಯಾಯ? ಎರಡೂ ಕಣ್ಣು ಒಂದೇ ಮುಖದವಲ್ಲವೇ?

ಈಗ ಅಂಗಡಿಯ ಪ್ರಸಂಗಕ್ಕೆ ಬರುತ್ತೇನೆ. ಬಾಗಿಲು ಮುಚ್ಚಿ ಕೂತು ಸಾಕಾದ ಚಿಕ್ಕಮ್ಮ, ಬಗ್ಗುವುದಿಲ್ಲ, ಭಾರ ಎತ್ತುವುದಿಲ್ಲ ಎಂಬ ಷರತ್ತಿನ ಮೇಲೆ ಗಲ್ಲಾಪೆಟ್ಟಿಗೆಯ ಮುಂದಕ್ಕೆ ಮರಳಿದರು. ಬಿದ್ದ ತಿರುಪುಗಳನ್ನೆಲ್ಲ ಹೆಕ್ಕುವ ಭಾಗ್ಯ ನನಗೆ ಬಂತು. ತಮ್ಮನ್ನು ಮರೆಮಾಡಲು ಅವರು ಗಾಜಿನ ಕಪಾಟಿನಿಂದ ದೊಡ್ಡದೊಂದು ಕಪ್ಪು ಕನ್ನಡಕ ತೆಗೆದು ಹಾಕಿಕೊಂಡರು. ಕಡ್ಡಿಗೆ ಕಟ್ಟಿದ್ದ ಬೆಲೆಚೀಟಿ ಬಿಚ್ಚಲು ಮರೆತರು. ನಮ್ಮ ಅಂಗಡಿಯ ನಿಯಮವನ್ನು ಅವರೇ ನನಗೆ ಕಲಿಸಿದ್ದು: ಚೀಟಿ ಇರುವುದೆಲ್ಲ ಮಾರಾಟಕ್ಕೆ, ಕೇಳಿದವರಿಗೆ ಇಲ್ಲ ಎನ್ನಬಾರದು. ಅಷ್ಟರಲ್ಲಿ ಹೆಡ್‌ಮಾಸ್ಟರು ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ಅವರ ಕನ್ನಡಕದ ಮೇಲೆ ಅವರೇ ಕೂತು ಮುರಿದುಕೊಂಡಿದ್ದರು. ಬೀದಿಯ ಸದ್ದಿಗೆ ಹುಡುಗ ಹೊರಗೋಡಿದ. ಹೆಡ್‌ಮಾಸ್ಟರು ಚಿಕ್ಕಮ್ಮನ ಕಡೆ ಮುಖ ಮಾಡಿ, "ಆ ಕಪ್ಪು ಫ್ರೇಮೇ ಕೊಡಮ್ಮ, ಕನ್ನಡಕ ಇಲ್ಲದೆ ನನಗೇ ಕಾಣ್ತಿದೆ ಅಂದ್ರೆ ಒಳ್ಳೇ ದೊಡ್ಡದೇ ಇರಬೇಕು" ಎಂದರು. ಚಿಕ್ಕಮ್ಮ ಬಿಲ್ ಪುಸ್ತಕ ತಿರುವತೊಡಗಿದರು. ಅದು ಮಾರಾಟಕ್ಕಿದೆಯೇ ಎಂದು ಹೆಡ್‌ಮಾಸ್ಟರು ನನ್ನನ್ನು ಕೇಳಿದರು.

ಮಾನ್ಯರೇ, ಅಲ್ಲಿ ತಮ್ಮ ಜಾಗದಲ್ಲಿ ಬೇರೆ ಯಾರಿದ್ದರೂ ನಾಚಿ ಇಳಿದುಹೋಗುತ್ತಿದ್ದರು. ನಾನು, "ಚೀಟಿ ಇದೆ, ಚಿಕ್ಕಮ್ಮ" ಎಂದೆ.

ಅವರು ನನ್ನನ್ನು ನೋಡಿದ ನೋಟ ಕಪ್ಪು ಗಾಜಿನೊಳಗಿಂದಲೂ ಸುಟ್ಟಿತು. ಆಮೇಲೆ ನಿಧಾನವಾಗಿ ಕನ್ನಡಕ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಹಳದಿ, ಹಸಿರು, ತಾವು, ಎಲ್ಲರೂ ದೀಪದ ಬೆಳಕಿಗೆ ಬಂದಿರಿ. ಹೆಡ್‌ಮಾಸ್ಟರು ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ನೋಡಿದರು. "ಏನಮ್ಮ, ಇವತ್ತು ಮುಖದಲ್ಲಿ ಕಳೆ ಇದೆ. ಒಳ್ಳೇ ನಿದ್ದೆ ಆದ ಹಾಗಿದೆ."

ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಕಾಲು ತುಳಿದರು. ಹೆಡ್‌ಮಾಸ್ಟರು ಹೋದ ಮೇಲೆ ಚಿಕ್ಕಮ್ಮ ಹೇಳಿದ್ದಿಷ್ಟು: "ಅವರಿಗೆ ಎದುರಿನ ಗೋಡೆಯೂ ಕಾಣಲ್ಲ ಅಂತ ನನಗೆ ಗೊತ್ತು ಕಣೇ, ನಂಬರ್ ನೋಡಿದವಳೇ ನಾನು. ನೀನು ಸುಮ್ನಿರು." ಆಮೇಲೆ ಇಡೀ ದಿನ ಬರಿಮುಖದಲ್ಲೇ ಕೂತು ಗಿರಾಕಿಗಳನ್ನು ಮಾತಾಡಿಸಿದರು. ನಕ್ಕರೆ ಹೊಲಿಗೆಯ ಗಾಯ ಎಳೆಯುತ್ತದೆಂದು ತುಟಿಯಲ್ಲಷ್ಟೇ ನಕ್ಕರು.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹ: ತಾವು ಎಡಗಣ್ಣನ್ನು ಖಾಲಿ ಮಾಡಿ, ಹೋಗುವಾಗ ಬಾಗಿಲೆಳೆದುಕೊಂಡು, ಆ ಹಳದಿ ಬಣ್ಣವನ್ನೂ ಜೊತೆಗೆ ಕರೆದೊಯ್ಯಬೇಕು. ಹೋಗಲು ಬೇರೆ ಜಾಗವಿಲ್ಲದಿದ್ದರೆ ನನ್ನ ದಿಂಬಿನೊಳಗೆ ಸೇರಿಕೊಳ್ಳಿ. ಚಪ್ಪಟೆಯಾಗಿ ಹಿಂತಿರುಗಿದ ಅದಕ್ಕೆ ತಮ್ಮಂಥವರ ಅಗತ್ಯ ಬಹಳವಿದೆ. ತಮ್ಮನ್ನು ಕಳಿಸಿಕೊಡಲು ಇಡೀ ಮನೆ ಬಾಗಿಲಲ್ಲಿ ನಿಲ್ಲುತ್ತದೆ. ಉಳಿದುಕೊಳ್ಳಿ ಎಂದು ಯಾರೂ ಬಲವಂತ ಮಾಡುವುದಿಲ್ಲ, ಅದಕ್ಕೆ ನಾನು ಜಾಮೀನು.

ಬಟಾಣಿ ಹಿಡಿದೂ ಹಿಡಿದೂ ಬೆರಳು ಮರಗಟ್ಟಿದ,
ತಮ್ಮ ವಿಶ್ವಾಸಿ,
ಗಾಜು ಒರೆಸುವ ಹುಡುಗಿ

ತಾ.ಕ.: ಹೆಡ್‌ಮಾಸ್ಟರ ನಂಬರಿನ ಗಾಜು ಕೂರಿಸಿದ ಆ ಕಪ್ಪು ಫ್ರೇಮಿನ ಕನ್ನಡಕ ನಿನ್ನೆಯೇ ಬಂದಿದೆ. ಅದನ್ನು ಹಾಕಿಕೊಂಡರೆ ಅವರಿಗೆ ಗೋಡೆಯೂ ಕಾಣುತ್ತದೆ, ಗೋಡೆಯ ಮೇಲಿನ ಇರುವೆಯೂ ಕಾಣುತ್ತದೆ, ತಾವಂತೂ ಕಂಡೇ ಕಾಣುತ್ತೀರಿ. ಆಯಿತೇನಮ್ಮ ಎಂದು ಅವರು ಫೋನು ಮಾಡಿದಾಗ, ಗಾಜು ಒರೆಸುತ್ತಿದ್ದೇನೆ ಸಾರ್ ಎಂದೆ. ಸುಳ್ಳಲ್ಲ, ನಿನ್ನೆಯಿಂದ ಅದನ್ನೇ ಒರೆಸುತ್ತಿದ್ದೇನೆ. ಬಟ್ಟೆ ಸವೆಯುವ ಮೊದಲು ತಾವು ಹೊರಡಿ.