ಊಟದ ಮುಂದೆ ಆಡಿದ ಮಾತುಗಳು

ನಾನು ಊಟದ ವಿಷಯಕ್ಕೆ ಬಾಯಿ ತೆಗೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಪೀಣ್ಯದಲ್ಲಿ ಪ್ಯಾಕಿಂಗ್ ಮೆಷಿನ್ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸರ್ವಿಸ್ ಫಿಟ್ಟರ್. ಮೆಷಿನ್ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಿ ಕೂರಿಸಿ, ಓಡಿಸಿ ತೋರಿಸಿ ಬರಬೇಕು. ಮೆಷಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳಬಲ್ಲೆ. ಆದರೆ ತಟ್ಟೆ ಮುಂದೆ ಕೂತಾಗ ಯಾವ ಮಾತು ಆಡಬಾರದು ಅನ್ನುವುದು ಮಾತ್ರ ಆಡಿದ ಮೇಲೆಯೇ ಗೊತ್ತಾಗುವುದು. ಹಾಗೆ ಆಡಿ ಪಶ್ಚಾತ್ತಾಪ ಪಟ್ಟ ಕೆಲವನ್ನು ಇಲ್ಲಿ ಹೇಳುತ್ತೇನೆ.

ಹುಳಿ ಕುದುರಿದ ದಿನ

ಕಾರ್ಖಾನೆಯಲ್ಲಿ ಎಲ್ಲರ ಸ್ಟೀಲ್ ಡಬ್ಬಿಗಳೂ ನೋಡಲು ಒಂದೇ ಥರ. ಒಂದು ದಿನ ಮಧ್ಯಾಹ್ನ ಅವಸರದಲ್ಲಿ ಊಟ ಮುಗಿಸಿದೆ. ಹುಳಿ ಅದ್ಭುತವಾಗಿತ್ತು. ಸಂಜೆ ನಾಗಸಂದ್ರದ ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: "ಇವತ್ತು ಹುಳಿ ಅಂದ್ರೆ ಹುಳಿ ಕಣೇ! ಇಷ್ಟು ವರ್ಷಕ್ಕೆ ನಿನ್ನ ಕೈ ಕುದುರಿತು ನೋಡು."

ಅವಳ ಮುಖ ಅರಳಿತು. ಡಬ್ಬಿ ತೊಳೆಯಲು ಹೋದವಳು ಮುಚ್ಚಳ ಹಿಡಿದುಕೊಂಡು ವಾಪಸ್ ಬಂದಳು.

"ರೀ, ಇದು ನಮ್ಮ ಡಬ್ಬಿ ಅಲ್ಲ. ನಮ್ದರ ಮೇಲೆ ನಮ್ಮಮ್ಮನ ಹೆಸರು ಕೆತ್ತಿಸಿದೆ."

ನಾನು ತಿಂದದ್ದು ಲೇತ್ ಸೆಕ್ಷನ್ನಿನ ಗೆಳೆಯನ ಡಬ್ಬಿ. ಒಳ್ಳೆಯ ಮಾತೊಂದನ್ನು ಅವಳಿಗೆ ಕೊಟ್ಟು ಐದೇ ನಿಮಿಷಕ್ಕೆ ಕಿತ್ತುಕೊಂಡ ಹಾಗಾಯಿತು. ಸುಳ್ಳಾದರೂ ಹೇಳಬಹುದಿತ್ತು, ಹೊಳೆಯಲಿಲ್ಲ.

ಮರುದಿನ ಡಬ್ಬಿ ತೆಗೆದರೆ ಬರೀ ಅನ್ನ. ಮೇಲೊಂದು ಚೀಟಿ: "ಹುಳಿ ಅಲ್ಲೇ ಕೇಳಿ ಹಾಕಿಸಿಕೊಳ್ಳಿ."

ನಾಚಿಕೆ ಬಿಟ್ಟು ಗೆಳೆಯನ ಹತ್ತಿರ ಹೋದೆ. ಅವನೂ ತಲೆ ಬಗ್ಗಿಸಿ ಕೂತಿದ್ದ. "ಗುರು, ನಿನ್ನೆ ನಿಮ್ಮನೆ ಪಲ್ಯ ಸಕ್ಕತ್ತಾಗಿತ್ತು. ನಾನು ಮನೇಲಿ ಹೋಗಿ ಅದನ್ನ ಹೇಳ್ಬಿಟ್ಟೆ," ಅಂದ. ಅವನ ಡಬ್ಬಿಯಲ್ಲೂ ಬರೀ ಅನ್ನ.

ಛಾವಣಿ

ನಮ್ಮ ವಠಾರದಲ್ಲಿ ಪಕ್ಕದ ಮನೆಯವರು ಬಾಗಲಕೋಟೆ ಕಡೆಯ ಗಂಡ ಹೆಂಡತಿ. ಅವನು ಗಾರೆ ಕೆಲಸ, ಅವಳು ಗಾರ್ಮೆಂಟ್ಸ್. ಕಂಪನಿ ನನ್ನನ್ನು ಆರು ವಾರಕ್ಕೆ ಜರ್ಮನಿಗೆ ಕಳಿಸುತ್ತದೆ ಅಂತ ಗೊತ್ತಾದಾಗ ಆ ಹೆಣ್ಣುಮಗಳು ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕೂತು ಜೋಳದ ಖಡಕ್ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟಳು. ಇಪ್ಪತ್ತು ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ.

"ತಗೊಂಡ ಹೋಗ್ರೀ ಅಣ್ಣಾರ. ತಿಂಗಳ ಇಟ್ರೂ ಕೆಡೂದಿಲ್ಲ."

ನಾನು ಒಂದು ರೊಟ್ಟಿಯನ್ನು ಬೆರಳಲ್ಲಿ ತಟ್ಟಿ ನೋಡಿ, "ಇದು ತಿನ್ನೋದಕ್ಕಾ, ಇಲ್ಲ ಶೀಟ್ ಬದಲು ಛಾವಣಿಗೆ ಹಾಕೋದಕ್ಕಾ?" ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಸ್ವಲ್ಪ ತಡವಾಗಿ. ಸೂಟ್‌ಕೇಸಿನಲ್ಲಿ ಜಾಗವಿಲ್ಲ ಅಂತ ನಾಲ್ಕೇ ರೊಟ್ಟಿ ಇಟ್ಟುಕೊಂಡು ಉಳಿದದ್ದು ವಾಪಸ್ ಕೊಟ್ಟೆ.

ನಾನು ಜರ್ಮನಿಯಲ್ಲಿ ಇಳಿದದ್ದು ಶನಿವಾರ ಸಂಜೆ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ಸೋಮವಾರ ಏನೋ ಹಬ್ಬದ ರಜೆ, ಅವತ್ತೂ ಬಂದ್. ಎರಡು ದಿನ ಆ ನಾಲ್ಕು ರೊಟ್ಟಿಯೇ ನನ್ನನ್ನು ಕಾಪಾಡಿದವು. ಕೊನೆಯದನ್ನು ಪುಡಿ ಸಮೇತ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಆಮೇಲೆ ತಡೆಯಲಾಗದೆ ಅವಳ ಗಂಡನಿಗೆ ಫೋನ್ ಮಾಡಿದೆ.

"ನಿಮ್ಮ ಮನೆಯವರಿಗೆ ಹೇಳಪ್ಪ, ನಾನು ಹಾಗೆ ಅನ್ನಬಾರದಾಗಿತ್ತು. ರೊಟ್ಟಿ ತುಂಬಾ ಚೆನ್ನಾಗಿತ್ತು."

ಆ ಕಡೆಯಿಂದ ಕಟಕಟ ಅಗಿಯುವ ಸದ್ದು. "ಹೇಳ್ತೀನ್ರೀ ಅಣ್ಣಾರ. ಉಳಿದ ಹದಿನಾರು ನನ್ನ ಪಾಲಿಗೆ ಬಂದಾವು. ನಿಮ್ಮ ಛಾವಣಿ ದಿನಾ ಒಂದೊಂದ ಶೀಟ್ ತಿನ್ನಾಕತ್ತೀನಿ."

ಮೂರು ವಿಷಲ್

ಅಲ್ಲಿ ನನಗೊಂದು ಪುಟ್ಟ ಫ್ಲ್ಯಾಟ್ ಕೊಟ್ಟಿದ್ದರು. ಅಡುಗೆ ನಾನೇ ಮಾಡಿಕೊಳ್ಳಬೇಕು. ನಲವತ್ತೊಂಬತ್ತು ವರ್ಷ ಊಟ ಮಾಡಿದ್ದೆನೇ ಹೊರತು ಒಲೆ ಹಚ್ಚಿದವನಲ್ಲ. ಹಾಗಾಗಿ ಹೆಂಡತಿಯಿಂದ ವಿಡಿಯೋ ಕಾಲ್‌ನಲ್ಲಿ ಪಾಠ.

"ಉಪ್ಪು ಎಷ್ಟು ಹಾಕ್ಲಿ?"

"ಎಷ್ಟು ಬೇಕೋ ಅಷ್ಟು."

"ಗ್ರಾಂ ಲೆಕ್ಕದಲ್ಲಿ ಹೇಳೇ."

"ಅಷ್ಟು ಲೆಕ್ಕ ಹಾಕಿದ್ರೆ ನಿಮಗೆ ಇಷ್ಟು ವರ್ಷ ಊಟ ಹಾಕೋಕೆ ಆಗ್ತಿತ್ತಾ?"

ಒಂದು ಭಾನುವಾರ ಅಲ್ಲಿ ಬೆಳಗ್ಗೆ ಒಂಬತ್ತು, ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಕುಕ್ಕರಿಗೆ ತೊಗರಿಬೇಳೆ ಹಾಕಿ, ವೆಯ್ಟ್ ಇಟ್ಟು, ಕರೆಂಟ್ ಒಲೆಯ ಮೇಲಿಟ್ಟೆ. ವಿಡಿಯೋ ಕಾಲ್ ಇಟ್ಟುಕೊಂಡೇ ಫೋನನ್ನು ಪಕ್ಕದಲ್ಲಿ ಒರಗಿಸಿ, "ಮೂರು ವಿಷಲ್ ಆದ ತಕ್ಷಣ ಕೂಗು," ಅಂತ ಹೇಳಿ ಸ್ನಾನಕ್ಕೆ ಹೋದೆ. ಮೈಗೆಲ್ಲ ಸೋಪು ಹಚ್ಚಿದ್ದಾಗ ಕೂಗಿದಳು: "ರೀ, ಮೂರಾಯ್ತು! ಇಳಿಸಿ!"

ಟವಲ್ ಸುತ್ತಿಕೊಂಡು ಓಡಿ ಬಂದೆ. ಕೈಗೆ ಬಟ್ಟೆ ಸುತ್ತಿ ಕುಕ್ಕರ್ ಇಳಿಸಿ ಮುಚ್ಚಳ ತೆಗೆದರೆ, ಬೇಳೆ ಕಲ್ಲಿನ ಹಾಗಿದೆ. ಅಷ್ಟರಲ್ಲಿ ಫೋನಿನೊಳಗಿಂದ ನಾಲ್ಕನೇ ವಿಷಲ್ ಕೇಳಿಸಿತು. ಅವಳು ಎಣಿಸಿದ್ದು ನಾಗಸಂದ್ರದಲ್ಲಿ ಮೇಲಿನ ಮನೆಯವರ ಕುಕ್ಕರ್ ಕೂಗಿದ್ದನ್ನು!

ನನಗೆ ಪಿತ್ತ ನೆತ್ತಿಗೇರಿತು. "ಮೂರು ವಿಷಲ್ ಎಣಿಸೋಕೂ ಬರಲ್ವಾ ನಿನಗೆ? ಇಷ್ಟು ದೂರ ಬಂದು ಉಪವಾಸ ಬೀಳ್ಬೇಕಾ ನಾನು?" ಅಂತೆಲ್ಲ ಅರಚಿದೆ. ಅಲ್ಲಿ ಅವಳ ಊಟದ ಹೊತ್ತಾಗಿತ್ತು. ನನ್ನ ಕುಕ್ಕರ್ ಕಾಯುತ್ತಾ ಅವಳು ಇನ್ನೂ ತಟ್ಟೆಯ ಮುಂದೆ ಕೂತಿರಲಿಲ್ಲ. ಅದು ಆಗ ನನ್ನ ತಲೆಗೆ ಹೋಗಲಿಲ್ಲ.

"ಕುಕ್ಕರ್ ಮುಟ್ಟಿ ನೋಡಿ," ಅಂದಳು.

ಮುಟ್ಟಿದೆ. ತಣ್ಣಗಿತ್ತು. ಒಲೆಯಲ್ಲಿ ನಾಲ್ಕು ಗುಂಡಿ, ನಾಲ್ಕು ಪ್ಲೇಟು. ಕುಕ್ಕರ್ ಇಟ್ಟಿದ್ದು ಒಂದರ ಮೇಲೆ, ನಾನು ತಿರುಗಿಸಿದ ಗುಂಡಿ ಇನ್ನೊಂದರದ್ದು.

"ನೀವು ಅಲ್ಲಿಗೆ ಹೋಗಿರೋದು ಮೆಷಿನ್ ಆನ್ ಮಾಡೋಕೆ ತಾನೇ?" ಅಂದಳು.

ಹೊಟ್ಟೆನೋವು

ಆ ಕಾರ್ಖಾನೆಯ ಫೋರ್‌ಮನ್ ಅರವತ್ತು ದಾಟಿದ ಒಳ್ಳೆಯ ಮನುಷ್ಯ. ಅವನ ಅರ್ಧ ಇಂಗ್ಲಿಷು, ನನ್ನ ಅರ್ಧ ಇಂಗ್ಲಿಷು ಸೇರಿ ಕೆಲಸ ಸಾಗುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಕರೆದ. ನಾನು ಸಸ್ಯಾಹಾರಿ. ಅವರು ಏನು ಬಡಿಸುತ್ತಾರೋ ಅಂತ ಹೆದರಿ, ಬಾಗಿಲಲ್ಲೇ ಹೊಟ್ಟೆ ಹಿಡಿದುಕೊಂಡು, "ಬೆಳಗ್ಗೆಯಿಂದ ಹೊಟ್ಟೆನೋವು, ಏನೂ ತಿನ್ನೋ ಹಾಗಿಲ್ಲ," ಅಂದುಬಿಟ್ಟೆ.

ಗಂಡ ಹೆಂಡತಿಯ ಮುಖ ಬಾಡಿತು. ಒಳಗೆ ಹೋದರೆ ಇಂಗು ಜೀರಿಗೆ ಒಗ್ಗರಣೆಯ ಘಮ. ಟೇಬಲ್ ಮೇಲೆ ಕಡ್ಲೆಕಾಳು ಗೊಜ್ಜು, ಆಲೂಗಡ್ಡೆ ಪಲ್ಯ, ಒಂದೊಂದು ಒಂದೊಂದು ದೇಶದ ನಕಾಶೆಯಂತಿದ್ದ ಚಪಾತಿಗಳು! ಆಕೆ ನನಗೋಸ್ಕರ ವಾರವೆಲ್ಲ ಫೋನಿನಲ್ಲಿ ನೋಡಿ ಕಲಿತಿದ್ದಳಂತೆ. ಇಂಗು ತರಲು ಇವನು ದೂರದ ಪಟ್ಟಣಕ್ಕೆ ಹೋಗಿ ಬಂದಿದ್ದನಂತೆ.

ಈಗ ಹೊಟ್ಟೆನೋವು ಹೋಯಿತು ಅಂತ ಹೇಳುವುದಾದರೂ ಹೇಗೆ? ಆಕೆ ನನಗೆ ಉಪ್ಪಿಲ್ಲದ ಬೇಯಿಸಿದ ಆಲೂಗಡ್ಡೆ, ಒಂದು ಲೋಟ ಕಹಿ ಸೊಪ್ಪಿನ ಚಹಾ ಕೊಟ್ಟಳು. ಅವರಿಬ್ಬರೂ ನನ್ನ ಎದುರು ಕೂತು ನನ್ನ ಊಟ ಮಾಡಿದರು. "ಸರಿಯಾಗಿದೆಯಾ ಅಂತ ವಾಸನೆ ನೋಡಿಯಾದರೂ ಹೇಳಿ," ಅಂತ ಆಕೆ ಬಟ್ಟಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಸರಿಯಾಗಿತ್ತು. ಅಷ್ಟು ಸರಿಯಾಗಿತ್ತು ಅನ್ನುವುದೇ ಸಂಕಟ. ನಿಜ ಹೇಳಿ ಕ್ಷಮೆ ಕೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ, ಧೈರ್ಯ ಬರಲಿಲ್ಲ.

ಸೋಮವಾರ ಉಳಿದ ಗೊಜ್ಜು ಫೋರ್‌ಮನ್ನಿನ ಲಂಚ್ ಬಾಕ್ಸಿನಲ್ಲಿ ಬಂತು. ನನಗೆ ಅಂತ ಆಕೆ ಕಳಿಸಿದ್ದೂ ಇತ್ತು: ಒಂದು ಫ್ಲಾಸ್ಕ್ ತುಂಬ ಕಹಿ ಚಹಾ.

ನಾನು ಇಲ್ಲದಾಗ

ಕೆಲಸ ಒಂದು ದಿನ ಮೊದಲೇ ಮುಗಿಯಿತು. ಹೆಂಡತಿಗೆ ಆಶ್ಚರ್ಯ ಆಗಲಿ ಅಂತ ಹೇಳದೆ ಹೊರಟುಬಂದೆ. ನಾಗಸಂದ್ರ ಮುಟ್ಟಿದಾಗ ಭಾನುವಾರ ಮಧ್ಯಾಹ್ನ ಒಂದು ಗಂಟೆ. ಬೀದಿ ತಿರುವಿನಲ್ಲೇ ಮೂಲಂಗಿ ವಾಸನೆ.

ಮೂಲಂಗಿಯ ಕಥೆ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅವಳು ಮೂಲಂಗಿ ಹುಳಿ ಮಾಡಿದ್ದಳು. ನಾನು ತಟ್ಟೆ ಸರಿಸಿ, "ಇದು ಮನೆಯೊಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ," ಅಂದಿದ್ದೆ. ಅವತ್ತಿನಿಂದ ಇಪ್ಪತ್ನಾಲ್ಕು ವರ್ಷ ನಮ್ಮ ಮನೆಗೆ ಮೂಲಂಗಿ ಬರಲಿಲ್ಲ.

ಬರಲಿಲ್ಲ ಅಂತ ನಾನು ತಿಳಿದುಕೊಂಡಿದ್ದೆ. ಬಾಗಿಲು ತಳ್ಳಿದರೆ ನಡುಮನೆಯಲ್ಲಿ ಮೂವರು ವೃತ್ತಾಕಾರ ಕೂತಿದ್ದಾರೆ: ನನ್ನ ಹೆಂಡತಿ, ಬಾಗಲಕೋಟೆಯ ಹೆಣ್ಣುಮಗಳು, ವಠಾರದ ಓನರ್ ಅಜ್ಜಿ. ಮಧ್ಯೆ ಮೂಲಂಗಿ ಹುಳಿ, ಮೂಲಂಗಿ ಸೊಪ್ಪಿನ ಪಲ್ಯ, ಮೂಲಂಗಿ ಮೊಸರುಬಜ್ಜಿ. ನನ್ನನ್ನು ಕಂಡದ್ದೇ ಬಾಗಲಕೋಟೆಯವಳು ಪಾತ್ರೆಯ ಮೇಲೆ ಸೆರಗು ಮುಚ್ಚಿದಳು.

"ಅಯ್ಯೋ, ನಾಳೆ ಬತ್ತಾನೆ ಅಂದಿದ್ಯಲ್ಲವ್ವ!" ಅಂತ ಅಜ್ಜಿ ನನ್ನ ಹೆಂಡತಿಯನ್ನೇ ಗದರಿದಳು.

ಹೆಂಡತಿ ಎದ್ದು ನಿಂತಳು. "ನೀವೇ ಹೇಳಿದ್ರಿ, ಅದು ಒಳಗೆ ಬಂದ್ರೆ ನೀವು ಹೊರಗೆ ಅಂತ. ನೀವು ಹೊರಗೆ ಹೋದಾಗೆಲ್ಲ ಅದು ಒಳಗೆ ಬರುತ್ತೆ. ತಪ್ಪೇನು?"

ನಾನು ಪುಣೆಗೆ ಹೋದಾಗ, ಕೊಯಮತ್ತೂರಿಗೆ ಹೋದಾಗ, ಎಲ್ಲ ಸಲವೂ ಇಲ್ಲಿ ಹೀಗೆಯೇ ನಡೆದಿತ್ತು. ನಾನು ಕೈಕಾಲು ತೊಳೆದು ಬಂದು ಅವರ ಪಕ್ಕ ಕೂತೆ. "ನನಗೂ ಬಡಿಸು," ಅಂದೆ. ಹುಳಿ ಚೆನ್ನಾಗಿತ್ತು. ನನ್ನ ಹೆಂಡತಿ ಎರಡನೇ ಸಲ ಬಡಿಸಿಕೊಂಡು ತಿಂದಳು. ಅವಳು ಹಾಗೆ ಕೇಳಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ತಿನ್ನುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. ಒಂದು ಮಾತಿಗೆ ಇಪ್ಪತ್ನಾಲ್ಕು ವರ್ಷ ಇದನ್ನು ತಪ್ಪಿಸಿಕೊಂಡೆನಲ್ಲ ಅನಿಸಿತು.

"ನಂದು ತಪ್ಪಾಯ್ತು ಕಣೇ. ಇನ್ನು ಮೇಲೆ ನಿನಗೆ ಬೇಕಾದಾಗೆಲ್ಲ ಮೂಲಂಗಿ ಮಾಡು. ನಾನೂ ಮನೇಲೇ ಇದ್ದು ಊಟ ಮಾಡ್ತೀನಿ," ಅಂದೆ.

ಸಂತೋಷಪಡುತ್ತಾರೆ ಅಂದುಕೊಂಡರೆ ಮೂವರ ಮುಖವೂ ಇಳಿದುಹೋಯಿತು. ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಅಜ್ಜಿಯೇ ಧೈರ್ಯ ಮಾಡಿ ಕೇಳಿದಳು:

"ಅಂಗಾದ್ರೆ ಇನ್ಮೇಕೆ ನೀನು ಎಲ್ಗೂ ಓಗಾಕಿಲ್ವಪ್ಪಾ?"