ಅವರೆಕಾಯಿ ಕಾಲದ ಪಥ್ಯ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮೊದಲು ಹೇಳಿದವರ ಮನೆಯಲ್ಲಿ ನನ್ನಂಥ ಒಬ್ಬ ಮೇಷ್ಟ್ರು ಇದ್ದಿರಲೇಬೇಕು. ನಾನು ಮಧುಗಿರಿಯಿಂದ ದಿನಾ ಬಸ್ಸು ಹತ್ತಿ ಶಿರಾದ ಫಾರ್ಮಸಿ ಕಾಲೇಜೊಂದಕ್ಕೆ ಹೋಗಿ, ಔಷಧಿ ಮೈಯೊಳಗೆ ಇಳಿದು ಏನೇನು ಮಾಡುತ್ತದೆ ಎಂಬುದನ್ನೇ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು. ಕಾಲೇಜಿನಲ್ಲಿ ನಾನು ಬಾಯಿ ತೆರೆದರೆ ಹುಡುಗರು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಬಾಯಿ ತೆರೆದರೆ ನಮ್ಮವ್ವ "ಸುಮ್ಕೆ ಮುದ್ದೆ ಉಣ್ಣು" ಎನ್ನುತ್ತಾಳೆ.

ಅವ್ವನಿಗೆ ಬಿ.ಪಿ., ಜೊತೆಗೆ ಎರಡೂ ಕಣ್ಣಿಗೆ ಪೊರೆ. ತೆಗೆಸೋಣವೆಂದು ಕರೆದುಕೊಂಡು ಹೋದರೆ ಕಣ್ಣಿನ ಡಾಕ್ಟರು "ಮೊದಲು ಬಿ.ಪಿ. ಇಳಿಸಿಕೊಂಡು ಬನ್ನಿ" ಎಂದು ವಾಪಸು ಕಳಿಸಿದರು. ಮತ್ತೆ ಹೋದರೂ ಅದೇ ಮಾತು. ಅಷ್ಟರಲ್ಲಿ ಅವ್ವ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕಂಡಕ್ಟರನ ಗಲ್ಲ ಹಿಡಿದು, ನಾನೆಂದುಕೊಂಡು, "ಯಾಕ್ಲಾ ಸೊರಗೋಗಿದ್ದೀಯಾ?" ಎಂದು ಮರುಗಿದ್ದೂ ಆಯಿತು. ಮನೆಮಂದಿಯೆಲ್ಲ ನಕ್ಕೆವು. ಆದರೆ ನನ್ನ ಮಗಳು ತನ್ನ ಹಸುಗೂಸನ್ನು ತಂದು ಅವಳ ಮಡಿಲಲ್ಲಿ ಇಟ್ಟ ದಿನ ಅವ್ವ ಸುಮ್ಮನೆ ಸವರುತ್ತಾ ಕೂತಳು. "ಮಕ ಬರೀ ಮಂಜುಮಂಜು ಕಣಪ್ಪ. ಯಾರಂಗೈತೆ ಅಂತ್ಲೇ ಗೊತ್ತಾಗಲ್ದು" ಎಂದಳು.

ಅವತ್ತೇ ಅವಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದೆ. ಗುಳಿಗೆ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ, ರಕ್ತ ಅದನ್ನು ಮೈಯೆಲ್ಲ ಸುತ್ತಿಸುತ್ತದೆ, ಬೀಗಕ್ಕೆ ಕೀಲಿ ಕೂತ ಹಾಗೆ ತನಗೆ ಹೊಂದುವ ಜಾಗದಲ್ಲಿ ಕೂತು ಕೆಲಸ ಮಾಡುತ್ತದೆ. ಇತ್ತ ಲಿವರ್ರು ಅದನ್ನು ಮುರಿಯುತ್ತಿರುತ್ತದೆ, ಮೂತ್ರಪಿಂಡ ಹೊರಗೆ ಹಾಕುತ್ತಿರುತ್ತದೆ, ಆದ್ದರಿಂದ ದಿನಾ ತಿನ್ನಲೇಬೇಕು ಎಂದೆ.

"ತೂತು ಕೊಡಕ್ಕೆ ನೀರು ಹುಯ್ದಂಗೆ, ಹುಯ್ತಾನೇ ಇರ್ಬೇಕು ಅನ್ನು. ಅಷ್ಟು ಹೇಳಕ್ಕೆ ಇಷ್ಟೊತ್ತು ಬೇಕಾಯ್ತೇನ್ಲಾ?" ಎಂದಳು ಅವ್ವ.

ನನ್ನ ಹುಡುಗರಲ್ಲಿ ಒಬ್ಬನೂ ಇಷ್ಟು ಚೆನ್ನಾಗಿ ಉತ್ತರ ಬರೆದಿಲ್ಲ. ಆದರೂ ಬಿ.ಪಿ. ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಅನುಮಾನ ಬಂದು ಅವಳ ಎಲೆಅಡಿಕೆ ಡಬ್ಬಿ ತೆಗೆದು ನೋಡಿದರೆ, ಗುಳಿಗೆಗಳೆಲ್ಲ ಕೊಂಡು ತಂದ ಹಾಗೇ ಇವೆ!

"ಅವ್ವಾ, ಏನಿದು?"

"ಅವರೆಕಾಯಿ ಕಾಲ ಕಣ್ಲಾ! ಔಸ್ತಿ ತಿಂತಾ ಅವರೆಕಾಯಿ ತಿನ್ನಕ್ಕಾಯ್ತದಾ?"

ಕೊಡಿಗೇನಹಳ್ಳಿಯಲ್ಲಿ ಅವಳು ಹುಡುಗಿಯಾಗಿದ್ದಾಗ ಕಾಮಾಲೆ ಬಂದು ನಾಟಿ ಔಷಧಿ ಕೊಡಿಸಿದ್ದರಂತೆ. ಅವರೆ, ಬದನೆ, ಕಡ್ಲೇಕಾಯಿ ಮುಟ್ಟಬಾರದು, ಪಥ್ಯ ಮುರಿದರೆ ಔಷಧಿ ತಿರುಗಿ ಬೀಳುತ್ತದೆ ಎಂದಿದ್ದರಂತೆ. ಅವ್ವ ಆ ಮಾತಿಗೆ ಇಂದಿಗೂ ತಪ್ಪಿಲ್ಲ. ಅವರೆಕಾಳಿನ ಹಿತುಕಿದ ಬೇಳೆ ಸಾರು ಬಿಡಲಾರಳು, ಪಥ್ಯಕ್ಕೆ ಮೋಸ ಮಾಡಲಾರಳು. ಅದಕ್ಕೇ ನಿಯತ್ತಾಗಿ ಗುಳಿಗೆಯನ್ನೇ ಬಿಟ್ಟಿದ್ದಳು. ಅವರೆಗೆ ಮುಂಚೆ ಕಡ್ಲೇಕಾಯಿ ಕಾಲದಲ್ಲೂ ಹೀಗೇ ಮಾಡಿದ್ದಳಂತೆ.

"ಈ ಗುಳಿಗೆಗೆ ಆ ಪಥ್ಯ ಇಲ್ಲ ಕಣವ್ವಾ" ಎಂದರೆ ನಂಬಲಿಲ್ಲ. ಬಿ.ಪಿ. ನೋಡುವ ಡಾಕ್ಟರಿಗೇ ಫೋನು ಮಾಡಿ ಅವಳ ಕಿವಿಗೆ ಹಿಡಿದೆ. "ಅವರೆಕಾಯಿ ಧಾರಾಳವಾಗಿ ತಿನ್ನಿ ಅಜ್ಜಿ. ಉಪ್ಪು, ಉಪ್ಪಿನಕಾಯಿ ಕಮ್ಮಿ ಮಾಡಿ, ಅಷ್ಟೇ. ನಿಮ್ಮ ಮಗನಿಗೂ ಬಿ.ಪಿ. ಶುರುವಾಗಿದೆ, ಅವರಿಗೂ ಇದೇ ಹೇಳಿದ್ದೀನಿ" ಎಂದರು ಅವರು.

ಅವ್ವ ಫೋನು ಕೆಳಗಿಟ್ಟು ನನ್ನ ಮೇಲೆ ಹರಿಹಾಯ್ದಳು. "ಬೀಗ ಅಂದೆ, ಕೀಲಿ ಅಂದೆ, ಉಚ್ಚೆ ವಿಚಾರಾನೂ ಬುಡ್ಲಿಲ್ಲ. ಅವರೆಕಾಯಿ ತಿನ್ಬೋದು ಅನ್ನೋದೊಂದು ಮಾತು ಬಾಯಾಗೆ ಬರ್ಲಿಲ್ವೇನ್ಲಾ?"

ಬರಲಿಲ್ಲ. ಅದು ಸಿಲಬಸ್ಸಿನಲ್ಲಿರಲಿಲ್ಲ.

ಅಂದಿನಿಂದ ಸಾರೂ ನಡೆಯಿತು, ಗುಳಿಗೆಯೂ ನಡೆಯಿತು. ಬಿ.ಪಿ. ಇಳಿಯಿತು, ಬಲಗಣ್ಣಿನ ಪೊರೆ ತೆಗೆದರು. ಕೂಸನ್ನು ಬೆಳಕಿಗೆ ಹಿಡಿದು "ಅಯ್ಯೋ ನನ್ ಬಂಗಾರಿ, ಮೂಗು ನಂದೇ ಅಲ್ವೇನೇ ಇದು!" ಎಂದು ಅವ್ವ ಕೂಗಿದಾಗ ನನಗೆ ಕಣ್ಣೀರೇ ಬಂತು.

ಆ ಕಣ್ಣೀರು ಒರೆಸಿಕೊಂಡು ಊಟಕ್ಕೆ ಕೂತೆ. ಅವ್ವ ನನ್ನ ತಟ್ಟೆಯನ್ನೇ ದಿಟ್ಟಿಸಿದಳು. "ಏನ್ಲಾ ಅದು, ಅಂಚಿನಾಗೆ ಕೆಂಪಗೆ ಗುಡ್ಡೆ ಹಾಕ್ಕಂಡಿರೋದು? ಉಪ್ಪಿನ್ಕಾಯಾ? ತೆಗಿ ಅತ್ಲಾಗೆ!" ಪೊರೆ ಇದ್ದಷ್ಟು ಕಾಲ ಅವಳ ಎದುರಿಗೇ ಕೂತು ಎಷ್ಟು ನೆಮ್ಮದಿಯಾಗಿ ತಿಂದಿದ್ದೆ!

ಎಡಗಣ್ಣಿನ ಆಪರೇಷನ್ನು ಮುಂದಿನ ತಿಂಗಳಂತೆ. ಸದ್ಯಕ್ಕೆ ನಾನು ಅವ್ವನ ಎಡಗಡೆ ಕೂತು ಉಣ್ಣುತ್ತಿದ್ದೇನೆ.