ತಕ್ಕಡಿ ತಾತನ ಸೊನ್ನೆ ಬಾಟಲಿ

ಸಕ್ಕರೆ ಕಾಯಿಲೆ ಬಂದ ಗಂಡನಿಗೂ ಜೈಲಿನಲ್ಲಿರೋ ಕೈದಿಗೂ ಒಂದೇ ವ್ಯತ್ಯಾಸ. ಕೈದಿಗೆ ಇಂಥ ದಿನ ಬಿಡುಗಡೆ ಅಂತಾದ್ರೂ ಗೊತ್ತಿರುತ್ತೆ.

ನಮ್ಮ ತಕ್ಕಡಿ ತಾತನ ಪಾಡೂ ಅದೇ. ಲಾರಿ ತೂಕ ಹಾಕೋ ವೇಬ್ರಿಡ್ಜಿನಲ್ಲಿ ತಲೆ ನೆರೆಯೋವರೆಗೂ ಕೆಲಸ ಮಾಡಿದ ಮನುಷ್ಯ. ಸರ್ಕಸ್ ಲಾರಿಯಲ್ಲಿ ಬಂದ ಆನೆ ಸೊಂಡಿಲು ಎತ್ತಿದ್ರೆ ತೂಕ ಕಮ್ಮಿ, ಇಳಿಸಿದ್ರೆ ಜಾಸ್ತಿ ತೋರಿಸ್ತಿತ್ತು ಅಂತ ಈಗಲೂ ಆಣೆ ಮಾಡ್ತಾನೆ. (ಆನೆ ಎದುರಿಗೆ ಇಲ್ಲದಾಗ ಆಣೆಗೇನು ಖರ್ಚು!)

ಆವತ್ತು ತಾತ-ಅಜ್ಜಿಯ ಮದುವೆ ವಾರ್ಷಿಕೋತ್ಸವ. ಅಜ್ಜಿ ಕೇಕ್ ಮಾಡೋದು ವರ್ಷಕ್ಕೊಂದೇ ಸಲ. ಬೆಳಗ್ಗೇನೇ ಒಪ್ಪಂದ ಆಯ್ತು.

"ರೀ, ಸಾಯಂಕಾಲ ಮಿಷನ್ನಲ್ಲಿ ಶುಗರ್ ನೋಡ್ತೀನಿ. ಡಾಕ್ಟರು ಹೇಳಿದ ಗೆರೆ ದಾಟದಿದ್ರೆ ನಿಮಗೊಂದು ಪೀಸು. ದಾಟಿದ್ರೆ ವಾಸನೆ ಮಾತ್ರ."

"ಪೀಸು ಅಂದ್ರೆ ಎಷ್ಟುದ್ದ?"

"ನಿಮ್ಮ ನಾಲಿಗೆಯಷ್ಟು ಉದ್ದ ಅಂತೂ ಅಲ್ಲ."

ತಾತ ತಪಸ್ಸಿಗೆ ಕೂತ. ಆದ್ರೆ ಬಾಯಿ ಸುಮ್ನಿರಬೇಕಲ್ಲ? ಎದ್ದು ಫ್ರಿಜ್ ತೆಗೆದ. ಜಾಮ್ ಡಬ್ಬಿ ಇವನನ್ನ ನೋಡಿ ಮುಖ ತಿರುಗಿಸ್ತು. ಮೂಲೆಯಲ್ಲಿ ಒಂದು ಹಳದಿ ಬಾಟಲಿ, ನಿಂಬೆರಸ. ಭೂತಗನ್ನಡಿ ಹಿಡಿದು ಹಿಂದಿನ ಚೀಟಿ ಓದಿದ. 'ಒಂದು ಟೀ ಚಮಚಕ್ಕೆ ಕಾರ್ಬೋಹೈಡ್ರೇಟ್: 0 ಗ್ರಾಂ.'

ತಾತನ ಮೈ ಜುಮ್ ಅಂತು. ಸೊನ್ನೆ! ಬ್ರೆಡ್ಡು, ಬಿಸ್ಕತ್ತು, ಕೊನೆಗೆ ಕೆಮ್ಮಿನ ಸಿರಪ್ಪಿನ ಮೇಲೂ ಯಾವುದೋ ಒಂದು ಅಂಕಿ ಕೂತು ಹಲ್ಲು ಕಿರೀತಿತ್ತು. ಈ ಭೂಮಂಡಲದಲ್ಲಿ ರುಚಿಯೂ ಇದ್ದು ಪಾಪ ಇಲ್ಲದ ಪದಾರ್ಥವೊಂದು ಇದೆ, ಅದೂ ತನ್ನ ಮನೇಲೇ, ಟೊಮೆಟೊ ಪಕ್ಕದಲ್ಲೇ! ಭೂತಗನ್ನಡಿಯೊಳಗೆ ಆ ಸೊನ್ನೆ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಹೊಳೀತಿತ್ತು. ತಾತ ಚಪ್ಪಲಿ ಬಿಟ್ಟು ನಿಂತ.

ಒಂದು ಚಮಚ ಕುಡಿದ. ಸೊನ್ನೆ. ಇನ್ನೊಂದು ಕುಡಿದ. ಸೊನ್ನೆಗೆ ಸೊನ್ನೆ ಸೇರಿಸಿದ್ರೆ ಸೊನ್ನೆ, ಇದನ್ನ ಯಾವ ಮೇಷ್ಟ್ರೂ ಇಲ್ಲ ಅನ್ನೋ ಹಾಗಿಲ್ಲ. ಆಮೇಲೆ ಚಮಚಕ್ಕೆ ಯಾಕೆ ತೊಂದರೆ ಅಂತ ಲೋಟಕ್ಕೇ ಸುರಿದು, ನೀರು ಉಪ್ಪು ಬೆರೆಸಿ, ಮುಖ ಕಿವುಚಿಕೊಂಡು ಹೀರಿದ, ಹೀರಿದ, ಹೀರುತ್ತಲೇ ಹೋದ.

ಮಧ್ಯಾಹ್ನ ಹಿಟ್ಟು ಕಲಸ್ತಾ ಇದ್ದ ಅಜ್ಜಿ ಫ್ರಿಜ್ ತೆಗೆದಳು.

"ರೀ! ಕೇಕಿಗೆ ಅಂತ ತಂದಿಟ್ಟ ನಿಂಬೆರಸ ಎಲ್ಲಿ?"

"ಕುಡಿದೆ."

"ಇಡೀ ಬಾಟಲಿನಾ? ಅದೇನು ಹೊಟ್ಟೇನೋ ಬಚ್ಚಲೋ?"

"ಲೇ, ಅದರಲ್ಲಿ ಏನೂ ಇಲ್ಲ ಕಣೇ! ಚೀಟಿ ಓದು. ಸೊನ್ನೆ ಕುಡಿದೋನನ್ನ ಯಾವ ಪೊಲೀಸೂ ಹಿಡಿಯಲ್ಲ."

ಸಾಯಂಕಾಲ ತಾತ ಮಹಾರಾಜನ ಠೀವಿಯಲ್ಲಿ ಬೆರಳು ಚಾಚಿದ. ಮಿಷನ್ ಕೀಂ ಅಂತು. ಗೆರೆ ದಾಟಿತ್ತು. ಸ್ವಲ್ಪವೇ, ಆದ್ರೆ ದಾಟಿತ್ತು.

"ಮಿಷನ್ ಕೆಟ್ಟಿದೆ!"

ಅಜ್ಜಿ ಖಾಲಿ ಬಾಟಲಿ ತಂದು ಮುಂದಿಟ್ಟಳು. "ನಿಮ್ಮ ಆಫೀಸಿನ ಬೆಕ್ಕು ವೇಬ್ರಿಡ್ಜಿನ ಮೇಲೇ ಮಲಗ್ತಿತ್ತು ಅಂತ ದಿನಾ ಹೇಳ್ತೀರಲ್ಲ, ಆಗ ತೂಕ ಎಷ್ಟು ತೋರಿಸ್ತಿತ್ತು?"

"ಸೊನ್ನೆ. ಲಾರಿ ತೂಗೋ ಯಂತ್ರಕ್ಕೆ ಬೆಕ್ಕು ಯಾವ ಲೆಕ್ಕ?"

"ಅಂದ್ರೆ ಬೆಕ್ಕೇ ಇರಲಿಲ್ವಾ?"

"ಇತ್ತು..."

"ಒಂದು ಲಾರಿ ತುಂಬ ಬೆಕ್ಕು ಬಂದಿದ್ರೆ?"

ತಾತ ಬೆರಳು ಮಡಚುತ್ತಾ ಬೆಕ್ಕುಗಳ ತೂಕ ಕೂಡಿಸೋಕೆ ಶುರು ಮಾಡಿದ.

"ಒಂದು ಚಮಚದಲ್ಲಿ ಇರೋದು ಒಂದು ಬೆಕ್ಕು ರೀ. ಸಕ್ಕರೆ ತೀರಾ ಕಮ್ಮಿ ಅಂತ ಚೀಟಿಯಲ್ಲಿ ಸೊನ್ನೆ ಹಾಕ್ತಾರೆ. ನಿಮ್ಮ ಹೊಟ್ಟೇಲಿ ಈಗ ಒಂದು ಲಾರಿ ಬೆಕ್ಕಿದೆ."

ಸರಿಯಾಗಿ ಅದೇ ಹೊತ್ತಿಗೆ ತಾತನ ಹೊಟ್ಟೆ ಗುರ್ರ್ ಅಂತು.

ನಿಂಬೆಯಿಲ್ಲದೇ ಬೆಂದ ಕೇಕ್ ಮೇಜಿಗೆ ಬಂತು. ಅಜ್ಜಿ ತನಗೊಂದು ದಪ್ಪ ಪೀಸು ಕತ್ತರಿಸಿಕೊಂಡಳು. ತಾತನ ಮುಖ ನೋಡಿದಳು. ಮನಸ್ಸು ತಡೀಲಿಲ್ಲ. ಚಾಕುವಿನ ತುದಿಯಲ್ಲಿ ಒಂದೇ ಒಂದು ಚೂರು ತೆಗೆದು ಅವನ ಅಂಗೈಗೆ ಉದುರಿಸಿದಳು.

"ತಗೊಳ್ಳಿ. ನಿಮ್ಮ ಚೀಟಿ ಲೆಕ್ಕದಲ್ಲಿ ಇದೂ ಸೊನ್ನೆ."

ತಾತ ಅದನ್ನ ಭೂತಗನ್ನಡಿಯಲ್ಲಿ ಕಣ್ತುಂಬ ನೋಡಿದ. ಆಮೇಲೆ ನಾಲಿಗೆ ಮೇಲಿಟ್ಟು ಕಣ್ಣು ಮುಚ್ಚಿದ.

"ಲೇ... ಸೊನ್ನೆ ಇಷ್ಟೊಂದು ಸಿಹಿ ಇರುತ್ತೇನೇ!" ಅಂದ, ಮೆಲ್ಲಗೆ. ಮತ್ತೆ ಅಂಗೈ ಚಾಚಿದ. "ಇನ್ನೊಂದು ಸೊನ್ನೆ ಹಾಕೇ."

ಅಜ್ಜಿ ಕೇಕಿನ ತಟ್ಟೆ ಎತ್ತಿಕೊಂಡು ಎದ್ದಳು.

"ಆಗಲ್ಲ ರೀ. ಲಾರಿ ಆಗಲೇ ಫುಲ್ಲು."